ತಾಮ್ರದ ಒಳಗಿನ ನೀರು

ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಕಾಡು ಕಣಿವೆಗಳನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ತಡೆದು ನಿಲ್ಲುತ್ತಾಳೆ. ಅಲ್ಲಿಂದ ತಳಕಳಲೆಗೆ ಬಂದು, ಪೆನ್‌ಸ್ಟಾಕ್ ಕೊಳವೆಗಳಲ್ಲಿ ನಾನೂರು ಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತಾಳೆ. ಒಂದೊಂದು ಯಂತ್ರ 103.5 ಮೆಗಾವಾಟ್, ಎಲ್ಲ ಸೇರಿ 1035. ಈ ಅಂಕಿ ನಮ್ಮ ಕಡೆಯ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅದರ ಜೊತೆಗೇ ಹುಟ್ಟುವ ಇನ್ನೊಂದು ಅಂಕಿಯನ್ನು ಯಾರೂ ಬಾಯಿಪಾಠ ಮಾಡಿಸುವುದಿಲ್ಲ. ಇಂಥ ದೊಡ್ಡ ಜನರೇಟರ್ ತನಗೆ ಸಿಕ್ಕ ಶಕ್ತಿಯಲ್ಲಿ ನೂರಕ್ಕೆ ಸುಮಾರು 98 ಪಾಲನ್ನು ಕರೆಂಟಾಗಿ ಕೊಡುತ್ತದೆ. ಮಿಕ್ಕ ಎರಡು ಪಾಲು ಬಿಸಿಯಾಗುತ್ತದೆ. ಎರಡು ಪಾಲು ಕೇಳಲಿಕ್ಕೆ ಚಿಕ್ಕದು. ಲೆಕ್ಕ ಹಾಕಿದರೆ ಒಂದು ಯಂತ್ರಕ್ಕೆ ಹತ್ತಿರ ಹತ್ತಿರ ಎರಡು ಮೆಗಾವಾಟ್: ಬಚ್ಚಲುಮನೆಯ ಗೀಸರುಗಳನ್ನು ಸಾವಿರ ತಂದು ಒಂದೇ ಕೋಣೆಯಲ್ಲಿ ಹಗಲೂ ರಾತ್ರಿ ಉರಿಸಿದಷ್ಟು.

ಈ ಬಿಸಿ ಯಂತ್ರದ ದೋಷವಲ್ಲ. ತಂತಿಯಲ್ಲಿ ಕರೆಂಟು ಹರಿದರೆ ತಂತಿ ಬಿಸಿಯಾಗಲೇಬೇಕು. ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಜೂಲ್ 1841ರಲ್ಲೇ ಹೇಳಿದ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಹೊರೆ ಹೆಚ್ಚಿದಷ್ಟೂ ಹೊರುವವನ ಸಂಕಟ ಅದಕ್ಕಿಂತ ವೇಗವಾಗಿ ಹೆಚ್ಚುತ್ತದೆ ಎಂಬುದು ತಾಮ್ರದ ಮಟ್ಟಿಗೆ ಸೂತ್ರ ಹಾಕಿ ಹೇಳಬಹುದಾದ ಮಾತು. ಆದ್ದರಿಂದ ಯಂತ್ರ ಎಷ್ಟು ಕರೆಂಟು ಕೊಡಬಲ್ಲದು ಎಂದು ಕೊನೆಗೆ ತೀರ್ಮಾನಿಸುವುದು ತಾಮ್ರದ ದಪ್ಪ ಒಂದೇ ಅಲ್ಲ, ಅದರ ತಾಪವನ್ನು ನಾವು ಎಷ್ಟು ಬೇಗ ಹೊರಗೆ ಒಯ್ಯಬಲ್ಲೆವು ಎಂಬುದು ಕೂಡ.

ಶರಾವತಿಯ ಯಂತ್ರಗಳಲ್ಲಿ ತಾಪವನ್ನು ಒಯ್ಯುವುದು ಗಾಳಿ. ಜನರೇಟರಿನ ಸುತ್ತ ಮುಚ್ಚಿದ ಕೋಣೆಯಲ್ಲಿ ಗಾಳಿ ಸುತ್ತುತ್ತದೆ, ಆ ಗಾಳಿಯನ್ನು ನೀರು ಹರಿಯುವ ಕೂಲರುಗಳು ತಂಪು ಮಾಡುತ್ತವೆ. ವ್ಯವಸ್ಥೆ ಸರಳ, ಗಟ್ಟಿ, ದಶಕಗಳಿಂದ ನಡೆದುಕೊಂಡು ಬಂದದ್ದು. ಆದರೆ ಅದರಲ್ಲಿ ಒಂದು ತೊಡಕು ಇದೆ, ಅದರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ತಾಮ್ರದ ಸುತ್ತ ಅಭ್ರಕ ಮತ್ತು ರಾಳದ ದಪ್ಪ ಹೊದಿಕೆ ಇರುತ್ತದೆ. ಅದು ಇರಲೇಬೇಕು, ಇಲ್ಲದಿದ್ದರೆ ಸಾವಿರಾರು ವೋಲ್ಟಿನ ಕರೆಂಟು ಪಕ್ಕದ ಕಬ್ಬಿಣಕ್ಕೆ ಹಾರುತ್ತದೆ. ಕರೆಂಟನ್ನು ತಡೆಯುವ ಆ ಹೊದಿಕೆಯೇ ಬಿಸಿಯನ್ನೂ ತಡೆಯುತ್ತದೆ. ಬಿಸಿ ಹುಟ್ಟುವುದು ಹೊದಿಕೆಯ ಒಳಗೆ, ಗಾಳಿ ಬೀಸುವುದು ಹೊದಿಕೆಯ ಹೊರಗೆ. ಎಷ್ಟು ಬೀಸಿದರೂ ತಂಪು ಒಳಗಿನ ತಾಮ್ರವನ್ನು ಮುಟ್ಟುವ ಹೊತ್ತಿಗೆ ಪದರು ಪದರಾಗಿ ಸೋತಿರುತ್ತದೆ. ಒಳಗೆ ಬೇಯುತ್ತಿರುವುದು ಹೊರಗೆ ಕೈಯಿಟ್ಟು ನೋಡಿದವರಿಗೆ ತಿಳಿಯುವುದಿಲ್ಲ. ಹೊದಿಕೆಯ ಆಯುಷ್ಯಕ್ಕೆ ಎಂಜಿನಿಯರುಗಳು ಒಂದು ಸ್ಥೂಲ ಲೆಕ್ಕ ಇಟ್ಟುಕೊಂಡಿದ್ದಾರೆ: ತಾಪ ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ.

ತಂಪನ್ನು ಹೊದಿಕೆಯ ಒಳಗೇ ಕಳಿಸಬಾರದೇಕೆ ಎಂಬ ಯೋಚನೆ ಇಲ್ಲಿಂದ ಹುಟ್ಟಿತು. ತಾಮ್ರದ ಎಳೆಗಳನ್ನೇ ಟೊಳ್ಳು ಮಾಡಿ, ಆ ಟೊಳ್ಳಿನಲ್ಲಿ ನೀರು ಹರಿಸಿದರೆ? ಒಂದೇ ಗಾತ್ರದ ಗಾಳಿಯನ್ನೂ ನೀರನ್ನೂ ಹೋಲಿಸಿದರೆ, ಒಂದು ಡಿಗ್ರಿ ಏರಲು ನೀರು ಹೀರುವ ಬಿಸಿ ಮೂರು ಸಾವಿರ ಪಟ್ಟಿಗೂ ಹೆಚ್ಚು. 1956ರಲ್ಲಿ ಇಂಗ್ಲೆಂಡಿನಲ್ಲಿ 30 ಮೆಗಾವಾಟಿನ ಒಂದು ಯಂತ್ರದಲ್ಲಿ ಇದನ್ನು ಮಾಡಿ ನೋಡಿದರು. ಬ್ರೆಜಿಲ್–ಪರಾಗ್ವೆ ಗಡಿಯ ಇತೈಪು ಅಣೆಕಟ್ಟಿನ 700 ಮೆಗಾವಾಟಿನ ಜಲವಿದ್ಯುತ್ ಯಂತ್ರಗಳ ಸ್ಟೇಟರಿನಲ್ಲಿ, ಅಂದರೆ ತಿರುಗದೆ ನಿಂತ ಭಾಗದಲ್ಲಿ, ಹೀಗೆಯೇ ನೀರು ಹರಿಯುತ್ತದೆ. ನಮ್ಮ ರಾಜ್ಯದಲ್ಲಿ ಇದನ್ನು ನೋಡಬೇಕೆಂದರೆ ಮಲೆನಾಡು ಬಿಟ್ಟು ರಾಯಚೂರಿಗೆ ಹೋಗಬೇಕು. ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿ ತುಂಬದೆ ಇಡೀ ಕರ್ನಾಟಕ ಕತ್ತಲಾಗುತ್ತಿದ್ದ ಕಾಲದಲ್ಲಿ, ಶರಾವತಿಯ ಮೇಲಿನ ಹೊರೆ ಇಳಿಸಲೆಂದೇ ಕೃಷ್ಣೆಯ ದಂಡೆಯಲ್ಲಿ ಶಾಖೋತ್ಪನ್ನ ಸ್ಥಾವರ ಎದ್ದಿತು. 1985ರಲ್ಲಿ ಅದರ ಮೊದಲ ಘಟಕ ಶುರುವಾಯಿತು. 210 ಮೆಗಾವಾಟಿನ ಆ ಬಗೆಯ ಯಂತ್ರ 15.75 ಕಿಲೋವೋಲ್ಟಿನಲ್ಲಿ ಒಂಬತ್ತು ಸಾವಿರ ಆಂಪಿಯರಿನಷ್ಟು ಕರೆಂಟು ಕೊಡುತ್ತದೆ. ತಿರುಗುವ ಭಾಗವಾದ ರೋಟರನ್ನು ಹೈಡ್ರೋಜನ್ ತಂಪು ಮಾಡಿದರೆ, ಸ್ಟೇಟರಿನ ತಾಮ್ರದ ಒಳಗೆ ನೀರು.

ಇನ್ನು ನೀರೂ ಕರೆಂಟೂ ಸೇರುವ ಕೀಲಿನ ವಿಷಯ. ಟೊಳ್ಳು ಎಳೆಗಳು ಸ್ಟೇಟರಿನ ಉದ್ದಕ್ಕೂ ಹಾದು ಒಂದು ತುದಿಯಲ್ಲಿ ಹೊರಗೆ ಬರುತ್ತವೆ. ಅಲ್ಲಿ ಆ ಎಳೆಗಳನ್ನೆಲ್ಲ ಒಂದು ಪುಟ್ಟ ತಾಮ್ರದ ಡಬ್ಬಿಗೆ ಬೆಸೆದಿರುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟೇ ಡಬ್ಬಿ. ಅದರ ಒಂದು ಮೈಯಿಂದ ಕರೆಂಟು ಮುಂದಿನ ತಾಮ್ರಕ್ಕೆ ದಾಟುತ್ತದೆ. ಇನ್ನೊಂದು ಕಡೆ ಸಿಕ್ಕಿಸಿದ ಟೆಫ್ಲಾನ್ ಕೊಳವೆಯಿಂದ ನೀರು ಬರುತ್ತದೆ, ಹೋಗುತ್ತದೆ. ಕರೆಂಟು ಕೊಳವೆಯತ್ತ ಹೋಗಕೂಡದು, ನೀರು ಹೊರಗಿನ ತಾಮ್ರದ ಸಂದಿಗೆ ಜಾರಕೂಡದು. ನೀರಿನ ಹತ್ತಿರ ಕರೆಂಟು ತರಬೇಡ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ ಎಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದಿದ್ದೇವೆ. ಇಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ, ನಡುವೆ ಒಂದು ಕಾಗದದಷ್ಟೂ ತಡೆಯಿಲ್ಲದೆ, ಬರಿಯ ಮೈಗೆ ಬರಿಯ ಮೈ ತಾಗಿಸಿಕೊಂಡು ಇರುತ್ತವೆ. ಇಡೀ ಯಂತ್ರದಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸುವ ಜಾಗ ಇದು. ದೊಡ್ಡ ರೋಟರು, ಅದರ ಗಂಭೀರ ಮೊರೆತ, ಕೋಣೆಯ ಎತ್ತರ ಎಲ್ಲವೂ ಇದರ ಮುಂದೆ ಸಪ್ಪೆ.

ಇದು ಸಾಧ್ಯವಾಗುವುದು ಆ ನೀರಿನ ಗುಣದಿಂದ. ಸಾವಿರಾರು ವೋಲ್ಟಿನ ತಾಮ್ರವನ್ನು ಮುಟ್ಟಿಯೂ ಅದು ಕರೆಂಟನ್ನು ತೆಗೆದುಕೊಳ್ಳುವುದಿಲ್ಲ. ತಾಪವನ್ನಷ್ಟೇ ಎತ್ತಿಕೊಂಡು ಹೊರಡುತ್ತದೆ. ಅದಕ್ಕಾಗಿ ಅದರಲ್ಲಿರುವ ಲವಣಗಳನ್ನೆಲ್ಲ ತೆಗೆದಿರಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆಗುಂಬೆಯ ಮಳೆನೀರನ್ನು ನಾವು ಶುದ್ಧ ಎನ್ನುತ್ತೇವೆ, ಕುಡಿಯಲಿಕ್ಕೆ ಅದು ಶುದ್ಧವೂ ಹೌದು. ಆದರೆ ಈ ಕೆಲಸಕ್ಕೆ ಆ ಮಳೆನೀರೂ ಸಾಲದು. ಹೋಗಲಿ, ಒಮ್ಮೆ ಶುದ್ಧ ಮಾಡಿ ತುಂಬಿಸಿಬಿಟ್ಟರೆ ಮುಗಿಯಿತೇ ಎಂದರೆ ಮುಗಿಯುವುದಿಲ್ಲ. ತಾಮ್ರದೊಳಗೆ ಸುತ್ತುತ್ತಿದ್ದಂತೆ ಈ ನೀರು ತಾಮ್ರವನ್ನೇ ಕಣ ಕಣವಾಗಿ ಕರಗಿಸಿಕೊಳ್ಳುತ್ತದೆ. ಕರಗಿದ್ದು ಹೆಚ್ಚಿದರೆ ನೀರು ತಾನೇ ವಾಹಕವಾಗತೊಡಗುತ್ತದೆ. ಹಾಗಾಗಿ ಯಂತ್ರ ನಡೆಯುತ್ತಿರುವಾಗಲೇ ಒಂದು ಪಾಲು ನೀರನ್ನು ಎಡೆಬಿಡದೆ ಹೊರಗೆ ತಿರುಗಿಸಿ, ರಾಳದ ಹರಳುಗಳ ಮೇಲೆ ಹಾಯಿಸಿ, ತೊಳೆದು ಮತ್ತೆ ಒಳಗೆ ಕಳಿಸುತ್ತಾರೆ. ಬೆಂದವರ ತಾಪ ಹೊತ್ತು ತರಲು ಹೋದವರಿಗೂ ಆ ಬೆಂಕಿಯ ಕಿಲುಬು ಹತ್ತುತ್ತದೆ ಎಂಬುದನ್ನು ಯಂತ್ರ ಕಟ್ಟಿದವರು ಮೊದಲೇ ಒಪ್ಪಿಕೊಂಡು, ತೊಳೆಯುವ ದಾರಿಯನ್ನೂ ಜೊತೆಗೇ ಕಟ್ಟಿದ್ದಾರೆ.

ನೀರಿನಲ್ಲಿ ಕರಗಿದ ಆಮ್ಲಜನಕದ ಕತೆ ಇನ್ನೂ ಸೋಜಿಗದ್ದು. ಅದು ತೀರ ಕಡಿಮೆಯಿದ್ದರೆ ತಾಮ್ರ ಸುರಕ್ಷಿತ. ಸಾಕಷ್ಟು ಹೆಚ್ಚಿದ್ದರೂ ತಾಮ್ರದ ಮೇಲೆ ಒಂದು ಗಟ್ಟಿ ಪೊರೆ ಕಟ್ಟಿ ಸುರಕ್ಷಿತವೇ. ತಿನ್ನುವುದು ನಡುವಿನದು: ಅತ್ತ ಇಲ್ಲವೆನ್ನುವಷ್ಟು ಕಡಿಮೆಯಲ್ಲ, ಇತ್ತ ಪೊರೆ ಕಟ್ಟುವಷ್ಟು ಸಾಕಷ್ಟಲ್ಲ. ಮಧ್ಯಮ ಮಾರ್ಗವೇ ಕ್ಷೇಮ ಎಂದು ನಂಬಿಕೊಂಡ ಮನಸ್ಸಿಗೆ ಇದು ತಡವರಿಸುವಂಥ ಸಂಗತಿ. ಇನ್ನೊಂದು ನಿಯಮ ಹೀಗಿದೆ. ಕೊಳವೆಯ ಒಳಗಿನ ನೀರಿನ ಒತ್ತಡವನ್ನು ಸುತ್ತಲಿನ ಹೈಡ್ರೋಜನ್ನಿನ ಒತ್ತಡಕ್ಕಿಂತ ಸದಾ ಕಡಿಮೆ ಇಡುತ್ತಾರೆ. ಕೀಲು ಎಲ್ಲಾದರೂ ಬಿರಿದರೆ ನೀರು ಹೊರಗೆ ಚಿಮ್ಮಿ ಹೊದಿಕೆಯನ್ನು ಹಾಳುಮಾಡುವ ಬದಲು, ಅನಿಲ ಒಳಗೆ ನುಗ್ಗಿ ನೀರಿನಲ್ಲಿ ಗುಳ್ಳೆಯಾಗಿ ಮೇಲೆದ್ದು ತನ್ನ ಸುದ್ದಿಯನ್ನು ತಾನೇ ಹೇಳುತ್ತದೆ. ಬಿರುಕು ಬರಲಾರದು ಎಂದು ಯಾರೂ ಭ್ರಮಿಸಿಲ್ಲ. ಬಂದಾಗ ಅದು ಯಾವ ದಿಕ್ಕಿಗೆ ಸೋರಬೇಕು ಎಂಬುದನ್ನು ಮಾತ್ರ ಮೊದಲೇ ನಿಶ್ಚಯಿಸಿದ್ದಾರೆ.

ನಮ್ಮ ತೋಟಗಳಲ್ಲೂ ಇದರ ಬಡ ನೆಂಟನೊಬ್ಬ ಇದ್ದಾನೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳ ಕೊಳವೆಬಾವಿಗಳಲ್ಲಿ ಇಳಿಬಿಟ್ಟಿರುವ ಸಬ್‌ಮರ್ಸಿಬಲ್ ಮೋಟರುಗಳಲ್ಲಿ ಹೆಚ್ಚಿನವು ನೀರು ತುಂಬಿದ ಮೋಟರುಗಳು. ಇಳಿಸುವ ಮೊದಲು ಮೋಟರಿನ ಒಡಲಿಗೆ ಚೊಕ್ಕ ನೀರು ತುಂಬಿ, ಒಳಗಿನ ಗಾಳಿಯೆಲ್ಲ ಹೋಗುವಂತೆ ಅಲುಗಿಸಿ, ಮತ್ತೆ ತುಂಬಿ ಪ್ಲಗ್ ಬಿಗಿಯುತ್ತಾರೆ. ವೈಂಡಿಂಗ್ ಆ ನೀರಿನಲ್ಲೇ ಮುಳುಗಿರುತ್ತದೆ, ಬೇರಿಂಗಿಗೂ ಆ ನೀರೇ ಜಾರೆಣ್ಣೆ. ಇಲ್ಲಿ ನೀರನ್ನು ಅಷ್ಟು ಶುದ್ಧ ಮಾಡುವುದು ಆಗದ ಮಾತು. ಆದ್ದರಿಂದ ತಾಮ್ರದ ಒಂದೊಂದು ತಂತಿಗೂ ಪ್ಲಾಸ್ಟಿಕ್ ಹೊದಿಕೆ ಸುತ್ತಿರುತ್ತಾರೆ. ಮೋಟರು ಪಂಪಿನ ಕೆಳಗಿರುತ್ತದೆ. ಬಾವಿಯ ನೀರು ಮೋಟರಿನ ಮೈ ಸವರಿಕೊಂಡು, ಅದರ ಬಿಸಿಯನ್ನು ಎತ್ತಿಕೊಂಡೇ ಪಂಪನ್ನು ಸೇರಿ ಮೇಲೇರುತ್ತದೆ. ಅಂದರೆ ತೋಟಕ್ಕೆ ಬಿದ್ದ ಪ್ರತಿ ಹನಿಯೂ ಮೋಟರಿನ ತಾಪವನ್ನು ಹೊತ್ತು ತಂದದ್ದು. ಕಾಲಂ ಪೈಪಿಗೆ ಕೇಬಲನ್ನು ಮಾರಿಗೊಂದು ಕಡೆ ಕಟ್ಟಿ ಇಳಿಸುತ್ತಾರೆ: ಕರೆಂಟು ಕೆಳಗೆ, ನೀರು ಮೇಲೆ, ಎರಡೂ ಒಂದೇ ಕಟ್ಟಿನಲ್ಲಿ. ಕೇಬಲಿನ ಜಾಯಿಂಟು ನೀರಿನೊಳಗೇ ಇರುವುದರಿಂದ ಅದನ್ನು ಕಟ್ಟುವ ಮೆಕ್ಯಾನಿಕ್ ಆ ಹೊತ್ತಿನಲ್ಲಿ ಮಾತಾಡುವುದಿಲ್ಲ. ಟೇಪು ಸುತ್ತುವ ಬೆರಳಿನಲ್ಲೇ ಅವನ ಪ್ರಾಣವಿರುತ್ತದೆ. ಬೇಸಗೆಯಲ್ಲಿ ಬಾವಿಯ ನೀರು ಇಳಿದು ಮೋಟರು ಒಣಗಿ ಓಡಿದರೆ ಕೆಲವೇ ಹೊತ್ತಿನಲ್ಲಿ ವೈಂಡಿಂಗ್ ಸುಡುತ್ತದೆ. ಏಪ್ರಿಲ್ ತಿಂಗಳಲ್ಲಿ ಪೇಟೆಯ ರಿವೈಂಡಿಂಗ್ ಅಂಗಡಿಗಳ ಮುಂದೆ ಸಾಲಿಟ್ಟ ಮೋಟರುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟು ದೂರ ಯಂತ್ರದ ಜೊತೆ ಬಂದ ಮೇಲೆ ನನಗೆ ಯಂತ್ರದಿಂದ ಆಚೆ ನೋಡದೆ ಇರಲಾಗುವುದಿಲ್ಲ. ಈ ಮೂರು ತಾಲ್ಲೂಕುಗಳೇ ಅಂಥದೊಂದು ವಾಹಕ. ಇಲ್ಲಿಯ ನೀರು ಹಿಡಿದು ಕರೆಂಟು ಹೊರಟು ಬೆಂಗಳೂರಿಗೆ, ಭದ್ರಾವತಿಯ ಕಾರ್ಖಾನೆಗೆ, ಎಲ್ಲೆಲ್ಲಿಗೋ ಹರಿಯಿತು. ಹರಿದಲ್ಲೆಲ್ಲ ಬೆಳಕಾಯಿತು, ಆ ಬೆಳಕನ್ನು ನಾನು ಹಗುರಾಗಿ ಕಾಣಲಾರೆ. ಜೋಗದ ಕೆಳಗಿನ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆಂದು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ನೀರು ಹಿಡಿಯಿತು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೇ ಮುಳುಗಿತು. ಹಿನ್ನೀರು ತೀರ ಇಳಿದ ಬೇಸಗೆಗಳಲ್ಲಿ ಅದರ ಮೈ ಈಗಲೂ ಕಾಣುತ್ತದೆ. 151 ಟಿಎಂಸಿ ನೀರು ನಿಲ್ಲಲು ಸಾಗರ ಮತ್ತು ಹೊಸನಗರದ ಗದ್ದೆ, ತೋಟ, ಮನೆ, ದೇವಸ್ಥಾನ, ಸ್ಮಶಾನ ಎಲ್ಲವೂ ಜಾಗ ಬಿಟ್ಟುಕೊಟ್ಟವು. ಹೊಸನಗರಕ್ಕಂತೂ ಎರಡೂ ಕಡೆಯಿಂದ ನೀರು ಬಂತು. ಒಂದೆಡೆ ಲಿಂಗನಮಕ್ಕಿಯ ಹಿನ್ನೀರು, ಇನ್ನೊಂದೆಡೆ ಚಕ್ರಾ, ಸಾವೇಹಕ್ಲು ಮತ್ತು ವಾರಾಹಿಗೆ ಕಟ್ಟಿದ ಮಾಣಿ ಅಣೆಕಟ್ಟು. ಕರೆಂಟು ಹೊರಟುಹೋಯಿತು, ಬಿಸಿ ಇಲ್ಲಿ ಉಳಿಯಿತು.

ಆ ಬಿಸಿಗೆ ತಂಪನ್ನು ಯಾರೂ ಕೊಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಪರಿಹಾರ ಬಂತು, ಲಾರಿಗಳು ಬಂದವು, ಬೇರೆ ಕಡೆ ಕಾಡು ಕಡಿದು ಜಮೀನು ತೋರಿಸಿದರು. ಆದರೆ ಅದೆಲ್ಲ ಹೊರಗಿನಿಂದ ಬೀಸಿದ ಗಾಳಿ. ಅಣೆಕಟ್ಟು ಕಟ್ಟಿದ್ದು ಒಂದು ಇಲಾಖೆ, ಜಮೀನು ಕೊಟ್ಟದ್ದು ಇನ್ನೊಂದು, ಆ ಜಮೀನು ತನ್ನದೆಂದದ್ದು ಮತ್ತೊಂದು. ಲಿಂಗನಮಕ್ಕಿಯಲ್ಲಿ ಮುಳುಗಿದ ಕುಟುಂಬಗಳಿಗೆ ತೋರಿಸಿದ ನೆಲದ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ಕಳೆದರೂ ಅರಣ್ಯ, ಕಂದಾಯ, ರಾಜ್ಯ, ಕೇಂದ್ರ, ನ್ಯಾಯಾಲಯ ಎಂಬ ಪದರುಗಳ ನಡುವೆ ಸಿಕ್ಕಿಕೊಂಡಿದೆ. ಊರು ಕಳೆದುಕೊಂಡವನ ಮೊಮ್ಮಗ ಈಗ ಆ ಕಾಗದದ ಕಟ್ಟು ಹಿಡಿದು ಕಚೇರಿಯಿಂದ ಕಚೇರಿಗೆ ಹೋಗುತ್ತಾನೆ.

ಇಲ್ಲಿ ಸಿಟ್ಟಿನಲ್ಲಿ ಒಂದು ತಪ್ಪು ತೀರ್ಮಾನಕ್ಕೆ ಬರುವುದು ಸುಲಭ: ಈ ಪದರುಗಳನ್ನೇ ಕಿತ್ತೆಸೆಯಬೇಕು ಎಂದು. ನನಗೆ ಹಾಗೆ ಅನ್ನಿಸುವುದಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇಲ್ಲದಿದ್ದರೆ ಈ ಘಟ್ಟದಲ್ಲಿ ಉಳಿದಿರುವ ಕಾಡೂ ಉಳಿಯುತ್ತಿರಲಿಲ್ಲ. ಅದು ಅಭ್ರಕದ ಹೊದಿಕೆ. ಅದನ್ನು ಸುಲಿದರೆ ಕಿಡಿ ಹಾರುತ್ತದೆ. ಹೊದಿಕೆ ತನ್ನ ಕೆಲಸ ಮಾಡುತ್ತದೆ. ಕರೆಂಟನ್ನು ತಡೆಯುವ ಅದರ ಗುಣವೇ ತಂಪನ್ನೂ ತಡೆಯುತ್ತದೆ ಎಂಬುದು ಯಾರ ದುಷ್ಟತನವೂ ಅಲ್ಲ. ರಾಯಚೂರಿನ ಸ್ಟೇಟರಿನಲ್ಲಿ ಹೊದಿಕೆಯನ್ನು ತೆಳ್ಳಗೆ ಮಾಡಿ ಸಮಸ್ಯೆ ಬಿಡಿಸಲಿಲ್ಲ. ಹೊದಿಕೆ ಹಾಗೇ ಇರಲಿ, ನೀರು ಒಳಗಿನಿಂದಲೇ ಬರಲಿ ಎಂದರು. ಕರೆಂಟು ಯಾವ ಡಬ್ಬಿಯಿಂದ ಹೊರಗೆ ಹೋಗುತ್ತದೋ ಆ ಡಬ್ಬಿಗೇ ನೀರನ್ನು ಬೆಸೆದರು. ಯೋಜನೆಯೊಂದು ಯಾವ ಆದೇಶದಿಂದ, ಯಾವ ಹಣದಿಂದ, ಯಾವ ಕಚೇರಿಯಿಂದ ನೀರು ನಿಲ್ಲಿಸುತ್ತದೋ, ನೆಲೆ ತಪ್ಪಿದವರ ಹಕ್ಕುಪತ್ರವೂ ಅದೇ ಆದೇಶದಲ್ಲಿ, ಅದೇ ಹಣದಲ್ಲಿ, ಅದೇ ಕಚೇರಿಯಿಂದ ಹೊರಡುವಂತೆ ಬೆಸೆಯಲು ಆಗದೇ?

ಅಂಥ ಬೆಸುಗೆ ಮನುಷ್ಯರಲ್ಲಿ ಇರಬಲ್ಲದು ಎಂಬುದಕ್ಕೆ ಸಾಗರದಲ್ಲೇ ಒಬ್ಬರಿದ್ದರು. ನಾ. ಡಿಸೋಜ ಶರಾವತಿ ಯೋಜನೆಯ ಕಚೇರಿಯಲ್ಲಿ ನೌಕರಿ ಮಾಡಿದವರು. ಆ ಯೋಜನೆಯಿಂದ ಮುಳುಗಿದವರ ಬದುಕನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದವರು. ತೀರ್ಥಹಳ್ಳಿ ತಾಲ್ಲೂಕಿನಿಂದ ಬಂದ ಗಿರೀಶ ಕಾಸರವಳ್ಳಿ ‘ದ್ವೀಪ’ವನ್ನು ಸಿನಿಮಾ ಮಾಡಿದರು. 2025ರ ಜನವರಿಯಲ್ಲಿ ಡಿಸೋಜ ತೀರಿಕೊಂಡಾಗ ನಾನು ಯೋಚಿಸಿದ್ದು ಇದನ್ನೇ. ಎರಡು ಹರಿವುಗಳನ್ನು ಒಂದೇ ಎದೆಯಲ್ಲಿ ಇಷ್ಟು ಕಾಲ, ಒಂದು ಇನ್ನೊಂದಕ್ಕೆ ಸೋರದ ಹಾಗೆ ಇಟ್ಟುಕೊಳ್ಳಲು ಎಂಥ ತಾಳಿಕೆ ಬೇಕು! ಕಚೇರಿಯ ಕೆಲಸವನ್ನು ಅವರು ಹಗೆಯಾಗಿ ಕಾಣಲಿಲ್ಲ, ಮುಳುಗಿದವರನ್ನು ಕಡತವಾಗಿ ಕಾಣಲಿಲ್ಲ. ಹೊರಗಿನಿಂದ ಬಂದು ಬರೆದವರ ಮರುಕಕ್ಕೂ ಅವರ ಬರವಣಿಗೆಗೂ ಇರುವ ವ್ಯತ್ಯಾಸ ಗಾಳಿಯ ತಂಪಿಗೂ ತಾಮ್ರದೊಳಗಿನ ನೀರಿನ ತಂಪಿಗೂ ಇರುವಷ್ಟೇ.

ತಾಮ್ರವನ್ನು ನಾವು ಕೇಳಿ ಟೊಳ್ಳು ಮಾಡಿಲ್ಲ. ಜನರನ್ನು ತಾಮ್ರಕ್ಕೆ ಹೋಲಿಸಿದರೆ ಅವರ ಸಮ್ಮತಿಯ ಪ್ರಶ್ನೆ ಮರೆಯಾಗುವ ಅಪಾಯವಿದೆ, ಅದು ನನಗೆ ಗೊತ್ತು. ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರನ್ನು ದ್ವೀಪವಾಗುತ್ತೀರಾ ಎಂದು ಯಾರೂ ಕೇಳಲಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನೀರು ಬಂದದ್ದಕ್ಕೂ ದಾರಿ ಬಂದದ್ದಕ್ಕೂ ನಡುವೆ ಅರವತ್ತು ವರ್ಷ. ಅಷ್ಟು ಕಾಲ ಹೆರಿಗೆಯ ನೋವು, ಪರೀಕ್ಷೆಯ ಅವಸರ, ಹೆಣದ ಮೆರವಣಿಗೆ ಎಲ್ಲವೂ ಲಾಂಚಿಗೆ ಕಾದವು. ತಾಮ್ರವಾಗಿದ್ದರೆ ಅಷ್ಟು ಹೊತ್ತು ತಡೆಯುತ್ತಿರಲಿಲ್ಲ. ಮನುಷ್ಯರು ತಡೆದರು, ತಡೆದದ್ದರಿಂದಲೇ ತಡವಾದದ್ದು ಯಾರ ಮೀಟರಿನಲ್ಲೂ ಕಾಣಿಸಲಿಲ್ಲ.

ನೀರು ಹರಿಯುವ ಸ್ಟೇಟರಿನ ಯಂತ್ರಕ್ಕೆ ಒಂದು ಕ್ರಮವಿದೆ. ಕೆಲಸ ಶುರು ಮಾಡುವಾಗ ಮೊದಲು ನೀರಿನ ಪಂಪು ಓಡಬೇಕು. ಹರಿವು ಸರಿಯಿದೆ, ವಾಹಕತೆ ಮಿತಿಯಲ್ಲಿದೆ ಎಂದು ಮೀಟರು ತೋರಿಸಬೇಕು. ಆಮೇಲೆಯೇ ಯಂತ್ರದ ಮೇಲೆ ಹೊರೆ. ನಡುವೆ ನೀರಿನ ಹರಿವು ಕುಸಿದರೆ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ, ಹರಿವು ಮರಳದಿದ್ದರೆ ಕೆಲವೇ ಹೊತ್ತಿನಲ್ಲಿ ರಕ್ಷಣಾ ವ್ಯವಸ್ಥೆ ಹೊರೆ ಇಳಿಸುತ್ತದೆ, ಇಲ್ಲವೇ ಯಂತ್ರವನ್ನೇ ನಿಲ್ಲಿಸುತ್ತದೆ. ಊರಿಗೆ ಕರೆಂಟು ಎಷ್ಟೇ ತುರ್ತಾಗಿರಲಿ, ಅದು ಯಾರನ್ನೂ ಕೇಳುವುದಿಲ್ಲ. ದೊಡ್ಡ ರಿಪೇರಿಯ ವೇಳೆ ಒಂದೊಂದು ಕೀಲನ್ನೂ ಗಾಳಿ ತೆಗೆದು, ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ, ಏಕೆಂದರೆ ಸೋರಿಕೆ ಶುರುವಾಗುವುದು ಬೆಸುಗೆಯ ಒಳಗಿನ ಕಣ್ಣಿಗೆ ಕಾಣದ ಸಂದಿಯಲ್ಲಿ. 1964ರಲ್ಲಿ ಲಿಂಗನಮಕ್ಕಿಗೆ ಇಂಥ ಕ್ರಮವಿರಲಿಲ್ಲ. ಮೊದಲು ಹೊರೆ ಬಂತು, ತಂಪು ಆಮೇಲೆ ನೋಡಿಕೊಳ್ಳೋಣವೆಂದಾಯಿತು.

ಈಗ ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಕಾಡಿನ ಕೆಳಗೆ, ತಳಕಳಲೆಗೂ ಗೇರುಸೊಪ್ಪೆಗೂ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಹಗಲು ಮಿಕ್ಕ ಕರೆಂಟಿನಿಂದ ನೀರನ್ನು ಮೇಲಕ್ಕೆ ಎತ್ತುವುದು, ಬೇಕಾದ ಹೊತ್ತಿನಲ್ಲಿ ಅದೇ ನೀರಿನಿಂದ ಕರೆಂಟು ಮಾಡುವುದು. ಒಂದೇ ಯಂತ್ರ ಎರಡೂ ದಿಕ್ಕಿಗೆ ತಿರುಗುತ್ತದೆ. ಅದು ಬೇಕೋ ಬೇಡವೋ ಎಂಬ ವಾದದಲ್ಲಿ ಕಾಡಿನ ಪರವಾಗಿ ನಿಂತವರ ಮಾತಿಗೆ ನನ್ನ ಮನಸ್ಸು ಒಲಿಯುತ್ತದೆ. ಆದರೂ ಕಟ್ಟಿಯೇ ತೀರುತ್ತೇವೆ ಎನ್ನುವವರ ಮುಂದೆ ಇಡಲು ನನ್ನ ಬಳಿ ಇರುವುದು ಒಂದೇ ಬೇಡಿಕೆ. ಯೋಜನೆಯ ಮಂಜೂರಾತಿ ಪತ್ರದಲ್ಲೇ ಒಂದು ಷರತ್ತು ಬರೆಯಿರಿ: ಲಿಂಗನಮಕ್ಕಿಯ ಕೊನೆಯ ಮುಳುಗಡೆ ಕುಟುಂಬದ ಕೈಗೆ ಹಕ್ಕುಪತ್ರ ಸೇರುವ ತನಕ ಹೊಸ ಸುರಂಗಕ್ಕೆ ಮೊದಲ ಸಿಡಿಮದ್ದು ಇಡಲು ಅನುಮತಿ ಇಲ್ಲ ಎಂದು. ಅದನ್ನು ಜಿಲ್ಲಾಧಿಕಾರಿಯ ಕಚೇರಿಯ ಬೇರೊಂದು ಕಡತಕ್ಕೆ ತಳ್ಳಬೇಡಿ. ಅದೇ ಹಾಳೆಯಲ್ಲಿ, ಅದೇ ಸಹಿಯ ಮೇಲೆ ಬರಲಿ.